ಟ್ರಂಪೆಟ್ ಟರ್ಕಿ ಕಾಲ್: ಮರ ಆಮೇಲೆ, ಮೊದ್ಲು ಬಾಯಿಗಿಡೋ ತುದಿ ನೋಡಿ

ಪ್ರಶ್ನೆ: ನಮಸ್ಕಾರ ಸರ್, ನಾನು ಅಮೆರಿಕದ ಟೆನೆಸಿಲಿ ಇದೀನಿ, ಆಫೀಸ್ ಫ್ರೆಂಡ್ಸ್ ಜೊತೆ ಕಾಡು ಟರ್ಕಿ ಕೋಳಿ ಬೇಟೆಗೆ ಹೋಗೋಕೆ ಲೈಸೆನ್ಸ್ ಮಾಡ್ಸಿದೀನಿ. ಹೇಂಟೆ ಥರ ಕೂಗಿಸಿ ಹುಂಜನ್ನ ಕರೆಯೋ ಸಾಧನಕ್ಕೆ ಕಾಲ್ ಅಂತಾರಲ್ಲ, ಅದ್ರಲ್ಲಿ ಪೆಟ್ಟಿಗೆ ಥರದ ಬಾಕ್ಸ್ ಕಾಲ್ ಇದೆ, ಈಗ ಬಾಯಿಗಿಟ್ಟು ಕೂಗಿಸೋ ಟ್ರಂಪೆಟ್ ಕಾಲ್ ಮೇಲೆ ಮನಸ್ಸು. ಕೊಕೊಬೋಲೊ ಮರದ್ದು ನೋಡೋಕೆ ಬಹಳ ಚೆಂದ, ಆದ್ರೆ ದುಬಾರಿ. ತಗೊಳ್ಲಾ?
– ಓದುಗರು, ನ್ಯಾಶ್‌ವಿಲ್

ಉತ್ತರ: ದುಡ್ಡಿದ್ರೆ ತಗೊಳ್ಳಿ, ಆದ್ರೆ ಮರ ನೋಡ್ಕೊಂಡು ಆರಿಸ್ಬೇಡಿ. ಟ್ರಂಪೆಟ್ ಅಂತ ಹೆಸರಿದ್ರೂ ಇದನ್ನ ಊದೋದಲ್ಲ, ಗಾಳಿ ಒಳಕ್ಕೆ ಎಳೆಯೋದು, ಮಗು ಕೆನ್ನೆಗೆ ಲೊಚ್ ಅಂತ ಮುತ್ತು ಕೊಡ್ತೀವಲ್ಲ ಹಾಗೆ. ಹಳೇ ಕಾಲದಲ್ಲಿ ಟರ್ಕಿ ರೆಕ್ಕೆಯ ಮೂರು ಮೂಳೆ ಒಂದರೊಳಗೊಂದು ಸೇರ್ಸಿ ಮಾಡ್ತಿದ್ರು, ತೆಳ್ಳಗಿನದ್ದು ಬಾಯಿಗೆ ದಪ್ಪದ್ದು ಆ ಕಡೆಗೆ, ಅದೇ ಮುಂದೆ ಮರದ ಟ್ರಂಪೆಟ್ ಆಯ್ತು, ನಿಮ್ಮ ಟೆನೆಸಿಯ ಮೆಂಫಿಸ್‌ನ ಟಾಮ್ ಟರ್ಪಿನ್ ಮಾಡಿದ ಯೆಲ್ಪರ್‌ಗಳಿಗೆ (ಈ ಥರದ ಕಾಲ್‌ಗೆ ಇನ್ನೊಂದು ಹೆಸರು) ಇವತ್ತಿಗೂ ಮರ್ಯಾದೆ ಇದೆ.

ಹಾಗಾಗಿ ಎಲ್ಲಾ ಇರೋದು ಮೌತ್‌ಪೀಸ್‌ನಲ್ಲಿ. ಅದರ ದಪ್ಪ, ಒಳಗಿನ ತೂತು, ತುಟಿ ಎಷ್ಟು ಆಳಕ್ಕೆ ಹೋಗ್ಬೇಕು ಅಂತ ತಡೆಯೋ ಸಣ್ಣ ಬಿಲ್ಲೆ, ಇವು ನಿಮ್ಮ ತುಟಿಗೆ ಒಗ್ಬೇಕು. ಒಬ್ಬರಿಗೆ ಚೆನ್ನಾಗಿ ಕೂಗೋದು ಇನ್ನೊಬ್ಬರ ಬಾಯಲ್ಲಿ ಬರೀ ಗಾಳಿ ಸದ್ದು. ಹೇಂಟೆ ಟರ್ಕಿಯ ಯೆಲ್ಪ್ ಅನ್ನೋ ಕೂಗು ಒಂದೇ ಸ್ವರ ಅಲ್ಲ, ಸಣ್ಣಗೆ ಎದ್ದು ತಕ್ಷಣ ಕೆಳಗಿಳಿದು ಒರಟಾಗುತ್ತೆ, ಆ ತಿರುವು ನಿಮ್ಮ ಬಾಯಲ್ಲಿ ಸುಲಭವಾಗಿ ಬರೋ ಕಾಲೇ ನಿಮ್ಮ ಕಾಲ್. ಮೌತ್‌ಪೀಸ್ ಬದಲಾಯಿಸಿ ಕೊಡೋ ಕುಶಲಕರ್ಮಿ ಸಿಕ್ರೆ ಇನ್ನೂ ಒಳ್ಳೇದು.

ಕೈಯಲ್ಲಿ ಕಡೆದದ್ದಕ್ಕೆ 100 ಡಾಲರ್ ದಾಟೋದು ಮಾಮೂಲಿ, ಅದಕ್ಕೇ ಕಲಿಯೋಕೆ ಪ್ಲಾಸ್ಟಿಕ್ ಥರದ ಸಿಂಥೆಟಿಕ್ ಸಾಕು ಅಂತೀನಿ, ಮಳೆ ಚಳಿಗೆ ಹಿಗ್ಗಲ್ಲ ಬಿರುಕು ಬಿಡಲ್ಲ. ಕೊಕೊಬೋಲೊ ನಮ್ಮ ಬೀಟೆ ಮರದ ಕುಲದ್ದೇ, ಎರಡೂ ಅಂತರರಾಷ್ಟ್ರೀಯ ಕಾನೂನಿನ ರಕ್ಷಣೆಲಿರೋ ಮರ, ಗಡಿ ದಾಟ್ಸೋ ಯೋಚನೆ ಇದ್ರೆ ಕಾಗದಪತ್ರ ಮೊದ್ಲೇ ವಿಚಾರ್ಸಿ.

ಯೆಲ್ಪ್‌ಗೆ, ಕ್ಲಕ್ ಅನ್ನೋ ಚಿಕ್ಕ ಕೂಗಿಗೆ ಟ್ರಂಪೆಟ್‌ಗೆ ಸಾಟಿ ಕಮ್ಮಿ, ಪರ್ರ್ ಅನ್ನೋ ಮೆಲು ಸದ್ದು ಮಾತ್ರ ಕಷ್ಟ. ಇನ್ನೊಂದು ವಿಷಯ, ದನಿ ತಿದ್ದೋಕೆ ತುದಿಗೆ ಎರಡೂ ಕೈ ಬೊಗಸೆ ಹಿಡೀಬೇಕಾಗುತ್ತೆ, ಟರ್ಕಿ ಕಣ್ಣೋ ಬಹಳ ಚುರುಕು, ಬೆರಳಾಡಿದ್ರೂ ಓಟ. ಹುಂಜ ಹತ್ರ ಬಂದ್ಮೇಲೆ ಟ್ರಂಪೆಟ್ ಮುಟ್ಲೇಬೇಡಿ, ಬಾಯೊಳಗೆ ಇಟ್ಕೊಳ್ಳೋ ಡಯಾಫ್ರಾಮ್ ಕಾಲ್ ಜೊತೇಲಿರ್ಲಿ, ಕೈ ಖಾಲಿ ಇರುತ್ತೆ.

ಮತ್ತೆ ದಯವಿಟ್ಟು ಇದನ್ನ ಮರೀಬೇಡಿ, ನೀವು ಚೆನ್ನಾಗಿ ಕರೆದಷ್ಟೂ ಬೇರೆ ಬೇಟೆಗಾರರೂ ನಿಜವಾದ ಟರ್ಕಿ ಅಂತ ನಿಮ್ಮ ಕಡೆ ಬರಬಹುದು. ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ, ಅವು ಹುಂಜದ ತಲೆ ಬಣ್ಣ. ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂತ್ಕೊಳ್ಳಿ, ಯಾರಾದ್ರೂ ಕಂಡ್ರೆ ಕೈ ಬೀಸ್ಬೇಡಿ, ಟರ್ಕಿ ಕೂಗು ಹಾಕ್ಬೇಡಿ, ಅಲ್ಲಾಡ್ದೆ ಜೋರಾಗಿ ಮಾತಾಡ್ಸಿ.