ಪ್ರತಿಕ್ರಿಯೆ: ರಣಜಿತ್ ರಾಯ್‌ಗೆ ಬಂದಿದ್ದು ಪರಮವೀರ ಚಕ್ರವೋ, ಮಹಾವೀರ ಚಕ್ರವೋ?

1947ರ ಕಾಶ್ಮೀರ ಯುದ್ಧದಲ್ಲಿ ಹೋರಾಡಿದ ರಣಜಿತ್ ರಾಯ್ ಬಗ್ಗೆ ಮಗಳ ಭಾಷಣ ಹಾಕಿ, ಅವರಿಗೆ ಬಂದ ಪದಕ ಯಾವುದು ಅಂತ ಕೇಳಿದ್ದೀರಿ. ಆ ಭಾಷಣದಲ್ಲಿ ಇಬ್ಬರು ಸೇನಾಧಿಕಾರಿಗಳು ಒಬ್ಬರಾಗಿಬಿಟ್ಟಿದ್ದಾರೆ ಅನ್ಸುತ್ತೆ. ‘ಬಾರಾಮುಲ್ಲಾ ಕಡೆ ನುಗ್ಗಿದ ಕಮಾಂಡರ್, ಕೈಗೆ ಪ್ಲಾಸ್ಟರ್, ಪರಮವೀರ ಚಕ್ರ’ ಅಂತ ಹಾಕಿದ್ದೀರಲ್ಲ, ಮೊದಲನೆಯದು ಮಾತ್ರ ರಾಯ್ ಅವರದು.

ಮೊದಲು ಪ್ಲಾಸ್ಟರ್ ವಾಕ್ಯ ತೆಗೆಯಿರಿ. ಅದು 4 ಕುಮಾವೂನ್ ಬೆಟಾಲಿಯನ್ನಿನ ಮೇಜರ್ ಸೋಮನಾಥ ಶರ್ಮಾ ಅವರ ಕಥೆ, 1947ರ ನವೆಂಬರ್ 3, ಕಾಶ್ಮೀರದ ಬಡಗಾಂನಲ್ಲಿ ನಡೆದದ್ದು. ಎಡಗೈಗೆ ಪ್ಲಾಸ್ಟರ್ ಇದ್ದರೂ ಮ್ಯಾಗಜೀನ್‌ಗೆ ಗುಂಡು ತುಂಬಿ ತುಂಬಿ ಮಷಿನ್‌ಗನ್ನಿನವರಿಗೆ ಕೊಡ್ತಿದ್ದರು. ಅವರು ಕಂಪನಿ (ಬೆಟಾಲಿಯನ್ನಿನ ಒಂದು ತುಕಡಿ) ಕಮಾಂಡರ್. ಪರಮವೀರ ಚಕ್ರವೂ ಅವರದೇ.

ಆಮೇಲೆ ರಾಯ್ ಭಾಗ ಬೆಳೆಸಿ. ಲೆಫ್ಟಿನೆಂಟ್ ಕರ್ನಲ್ ದಿವಾನ್ ರಣಜಿತ್ ರಾಯ್ 1 ಸಿಖ್ ಬೆಟಾಲಿಯನ್ನಿನ ಮುಖ್ಯಸ್ಥರು. ಅಕ್ಟೋಬರ್ 27ರ ಬೆಳಿಗ್ಗೆ ಡಕೋಟಾ ವಿಮಾನಗಳಲ್ಲಿ ಶ್ರೀನಗರಕ್ಕೆ ಇಳಿದ ಮೊದಲ ತಂಡದಲ್ಲಿದ್ದವರು. ಪೂರ್ತಿ ಬೆಟಾಲಿಯನ್ ಇನ್ನೂ ಬಂದಿರಲಿಲ್ಲ. ಕಾಯುತ್ತಾ ಕೂತರೆ ಪಾಕಿಸ್ತಾನದ ಕಡೆಯಿಂದ ನುಗ್ಗಿದ್ದ ದಾಳಿಕೋರರು ವಿಮಾನ ನಿಲ್ದಾಣಕ್ಕೇ ಬಂದುಬಿಡಬಹುದಿತ್ತು. ಅದು ಕೈತಪ್ಪಿದರೆ ಹಿಂದೆ ಬರೋ ಸೈನ್ಯ ಇಳಿಯೋದೆಲ್ಲಿ? ಇದ್ದಷ್ಟು ಜನರನ್ನೇ ಕಟ್ಟಿಕೊಂಡು ಬಾರಾಮುಲ್ಲಾ ಕಡೆ ಹೊರಟರು. ಎದುರಿಗಿದ್ದವರು ಎಷ್ಟೋ ಪಟ್ಟು ಹೆಚ್ಚು. ಶ್ರೀನಗರದ ದಾರಿಯಲ್ಲಿರೋ ಪಟ್ಟನ್ ಊರಿನ ಕಡೆಗೆ ಹಿಂದೆ ಸರಿಯುವ ಹೊತ್ತಿಗೆ ಗುಂಡಿಗೆ ಬಲಿಯಾದರು. ನನ್ನ ಕೇಳಿದರೆ ಭಾಷಣದ ಜೀವ ಆ ನಿರ್ಧಾರದಲ್ಲೇ ಇದೆ, ಪದಕದಲ್ಲಲ್ಲ.

ಕೊನೆಗೆ ರಾಯ್ ಅವರ ಪದಕ: ಮಹಾವೀರ ಚಕ್ರ, ಮರಣೋತ್ತರ. ‘1947ರಲ್ಲೇ ಚಕ್ರ ಕೊಟ್ಟರು’ ಅನ್ನೋದನ್ನೂ ಹೊಡೆದುಹಾಕಿ. ಈ ಪದಕಗಳು ಜಾರಿಗೆ ಬಂದಿದ್ದೇ 1950ರ ಜನವರಿ 26ಕ್ಕೆ, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ. ಅಕ್ಟೋಬರ್ 27 ಇನ್‌ಫೆಂಟ್ರಿ ಡೇ (ಕಾಲಾಳು ಪಡೆಯ ದಿನ) ಅನ್ನೋ ಸಾಲು ಸರಿಯಾಗಿದೆ, ಅದು ಹಾಗೇ ಇರಲಿ.