ಹೆಬ್ಬೆಟ್ಟಿಗೆ ಬಿಟ್ಟ ಜಾಗ

ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಎಂದು ಆಪ್ತಸಲಹೆಗೆ ಬರುವವರು ಕಡಿಮೆಯೇನಲ್ಲ. ಕೊನೆಗಾಲದಲ್ಲಿ ತಾಯಿಯನ್ನು ನೋಡಿಕೊಳ್ಳದ ಮಗ ಬರುತ್ತಾನೆ, ಔಷಧಿ ಕೊಡುವಾಗ ಎಡವಿದ ನರ್ಸ್ ಬರುತ್ತಾರೆ, ಹುಡುಗನೊಬ್ಬನನ್ನು ತರಗತಿಯ ಮುಂದೆ ಹೀಯಾಳಿಸಿ ಇಪ್ಪತ್ತು ವರ್ಷ ಮರೆಯಲಾಗದ ಮೇಷ್ಟ್ರು ಬರುತ್ತಾರೆ. ಇವರಲ್ಲಿ ಬಹುಪಾಲು ಜನ ಹಿಡಿಯುವ ತಪ್ಪು ದಾರಿ ಒಂದೇ. ನೋವುಂಡವರನ್ನು ಒಂದು ಮಾತೂ ಕೇಳದೆ, ಅವರಿಗೆ ಏನು ಕೊಡಬೇಕೆಂದು ತಾವೇ ತೀರ್ಮಾನಿಸಿಬಿಡುತ್ತಾರೆ. ಕೆಳಗಿನ ಪ್ರಕರಣದಲ್ಲಿ ಅದು ಕಣ್ಣಿಗೆ ರಾಚುವಂತಿತ್ತು. ಬರೆಯಲು ಸಲಹಾರ್ಥಿಯ ಒಪ್ಪಿಗೆ ಇದೆ. ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹಾಡಿಯ ಹೆಸರು, ಸಮುದಾಯದ ಹೆಸರು ಎರಡನ್ನೂ ಬೇಕೆಂದೇ ಬಿಟ್ಟಿದ್ದೇನೆ. ಕಾರಣ ಮುಂದೆ ಬರುತ್ತದೆ.

ಆಕೆ ನಿವೃತ್ತಿಯ ಅಂಚಿನಲ್ಲಿರುವ ವಿಜ್ಞಾನಿ. 1990ರ ದಶಕದಲ್ಲಿ, ಪಿಎಚ್‌.ಡಿ. ಮುಗಿದ ಹೊಸತರಲ್ಲಿ, ಕಾಡಂಚಿನ ಆದಿವಾಸಿ ಹಾಡಿಯೊಂದರಲ್ಲಿ ಸಿಕಲ್ ಸೆಲ್ ರೋಗದ ಅಧ್ಯಯನಕ್ಕೆಂದು ರಕ್ತ ತೆಗೆದಿದ್ದರು. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಈ ಕಾಯಿಲೆಯ ವಂಶವಾಹಿ ದಕ್ಷಿಣದ ಬುಡಕಟ್ಟುಗಳಲ್ಲಿದೆ ಎಂಬುದು 1952ರಲ್ಲೇ ನೀಲಗಿರಿಯಲ್ಲಿ ಪತ್ತೆಯಾಗಿತ್ತು. ಹಾಗಾಗಿ ಅಧ್ಯಯನ ಬೇಕಾಗಿಯೇ ಇತ್ತು. ಕೆಟ್ಟಿದ್ದು ಅದನ್ನು ಮಾಡಿದ ರೀತಿಯಲ್ಲಿ.

ಹಾಡಿಯಲ್ಲಿ ನಡೆದದ್ದು ಸಾಲ್ಯುಬಿಲಿಟಿ ಪರೀಕ್ಷೆ. ಒಂದು ಹನಿ ರಕ್ತವನ್ನು ರಾಸಾಯನಿಕ ದ್ರಾವಣಕ್ಕೆ ಹಾಕಿ, ಟ್ಯೂಬಿನ ಹಿಂದೆ ಹಿಡಿದ ಕಾಗದದ ಗೆರೆ ಕಾಣದಷ್ಟು ಕದಡಿದರೆ ಪಾಸಿಟಿವ್ ಎಂದು ಬರೆಯುತ್ತಾರೆ. ಅಗ್ಗದ್ದು, ಮರದ ಕೆಳಗೆ ಕೂತು ಮಾಡಬಹುದು. ಆದರೆ ಅದಕ್ಕೊಂದು ದೊಡ್ಡ ಮಿತಿ ಇದೆ: ವಂಶವಾಹಿ ಅಪ್ಪ ಅಮ್ಮ ಇಬ್ಬರಿಂದಲೂ ಬಂದ ರೋಗಿಗೂ, ಒಬ್ಬರಿಂದ ಮಾತ್ರ ಬಂದ ವಾಹಕರಿಗೂ ದ್ರಾವಣ ಒಂದೇ ತರಹ ಕದಡುತ್ತದೆ. ವಾಹಕರು ಸಾಮಾನ್ಯವಾಗಿ ಆರೋಗ್ಯವಂತರೇ. ಇವರಿಬ್ಬರನ್ನು ಬೇರ್ಪಡಿಸಲು ಎಲೆಕ್ಟ್ರೋಫೊರೆಸಿಸ್ ಅಥವಾ ಎಚ್‌ಪಿಎಲ್‌ಸಿ ಎಂಬ ಪ್ರಯೋಗಾಲಯದ ಪರೀಕ್ಷೆ ಆಗಲೇಬೇಕು. ಆ ಎರಡನೇ ಹಂತದ ಫಲಿತಾಂಶ ಪ್ರಯೋಗಾಲಯದಲ್ಲೇ ಉಳಿಯಿತು. ಹಾಡಿಯಲ್ಲಿ ಉಳಿದದ್ದು 'ಪಾಸಿಟಿವ್' ಎಂದು ಹೆಸರು ಬರೆದ ಒಂದು ಹಾಳೆ. ಅದನ್ನು ಆಕೆ ಆಶ್ರಮ ಶಾಲೆಯ ಸಿಬ್ಬಂದಿಯೊಬ್ಬರ ಕೈಗೆ ಕೊಟ್ಟು ಬಂದಿದ್ದರು. ಅವರು ಸಭೆಯಲ್ಲಿ ಹೆಸರುಗಳನ್ನು ಓದಿದರು. ಎರಡು ಮದುವೆ ಮುರಿದವು. ಒಂದು ಮನೆತನಕ್ಕೆ 'ಕೆಟ್ಟ ರಕ್ತದವರು' ಎಂಬ ಹೆಸರು ನಿಂತುಹೋಯಿತು. ಉಳಿದ ರಕ್ತ, ಯಾರನ್ನೂ ಕೇಳದೆ, ಬುಡಕಟ್ಟಿನ ಮೂಲ ಹುಡುಕುವ ಇನ್ನೊಂದು ಅಧ್ಯಯನಕ್ಕೆ ಹೋಯಿತು. ಪ್ರಬಂಧ ಪ್ರಕಟವಾಯಿತು, ಬಡ್ತಿಯೂ ಸಿಕ್ಕಿತು. ಹಾಡಿಯಲ್ಲಿ ಆದ ಅನಾಹುತ ಆಕೆಗೆ ಗೊತ್ತಾದದ್ದು ಇಪ್ಪತ್ತು ವರ್ಷದ ಮೇಲೆ, ಅದೇ ಹಾಡಿಯಿಂದ ಬಂದ ನರ್ಸಿಂಗ್ ವಿದ್ಯಾರ್ಥಿನಿಯ ಬಾಯಿಂದ.

ಮೊದಲೆರಡು ಭೇಟಿ ಪಾಪಪ್ರಜ್ಞೆಯ ಮಾತಿಗೆ ಹೋಗಲೇ ಇಲ್ಲ. ನಿದ್ದೆ ಮೂರು ಗಂಟೆಗೆ ಇಳಿದಿತ್ತು, ಊಟ ಬಿಟ್ಟಿದ್ದರು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ 27ಕ್ಕೆ 16 ಅಂಕ ಬಂತು. 15 ದಾಟಿದರೆ ತಡಮಾಡುವಂತಿಲ್ಲ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅಂಕ ನೋಡಿ ಸುಮ್ಮನಾಗದೆ ನೇರವಾಗಿ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆಕೆಗೆ 'ಬೆಳಿಗ್ಗೆ ಏಳದೆ ಇದ್ದರೆ ಸಾಕು' ಎನ್ನಿಸುತ್ತಿತ್ತು, ಯೋಜನೆ ಇರಲಿಲ್ಲ. ಮನೋವೈದ್ಯರಲ್ಲಿಗೆ ಕಳಿಸಿ, ಮಾತ್ರೆ ಶುರುವಾಗಿ, ರಾತ್ರಿಗೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರ್ ಕೊಟ್ಟ ಮೇಲೆಯೇ ಮುಂದಿನ ಕೆಲಸ. ಈ ಕ್ರಮ ತಪ್ಪಿಸಬಾರದು. ನಿದ್ದೆಗೆಟ್ಟವರ ಕೈಲಿ ತಪ್ಪೊಪ್ಪಿಗೆ ಬರೆಸಿದರೆ ಅದು ತಪ್ಪೊಪ್ಪಿಗೆಯಾಗುವುದಿಲ್ಲ, ಶಿಕ್ಷೆಯ ಪತ್ರವಾಗುತ್ತದೆ.

ಮೂರನೇ ಭೇಟಿಯಲ್ಲಿ ಹೊಣೆಯ ವೃತ್ತ ಮಾಡಿಸಿದೆ. ಹಾಳೆಯ ಮೇಲೆ ದೊಡ್ಡ ರೊಟ್ಟಿಯಂತೆ ವೃತ್ತ ಬರೆದು, ಆದ ಅನಾಹುತಕ್ಕೆ ಕಾರಣರಾದ ಎಲ್ಲರ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಒಂದು ತುಂಡು ಕೊಡುವುದು. ಸಲಹಾರ್ಥಿಯ ಪಾಲನ್ನು ಕಟ್ಟಕಡೆಗೆ ಬರೆಸಬೇಕು. ಮೊದಲೇ ಬರೆಸಿದರೆ ಇಡೀ ರೊಟ್ಟಿ ತನ್ನದೇ ಎನ್ನುತ್ತಾರೆ. ಕ್ರಮ ಪಾಲಿಸಿದರೂ ಇಲ್ಲಿ ಅದು ಕೈಕೊಟ್ಟಿತು. ಮಾರ್ಗದರ್ಶಕರು, ಹಣ ಕೊಟ್ಟ ಸಂಸ್ಥೆ, ಹೆಸರು ಓದಿದ ಸಿಬ್ಬಂದಿ, ಎಲ್ಲರನ್ನೂ ಬರೆದು, ಕೊನೆಗೆ ಎಲ್ಲರ ತುಂಡಿನ ಮೇಲೂ ಗೀಟು ಹಾಕಿ 'ನೂರಕ್ಕೆ ನೂರು ನನ್ನದೇ' ಎಂದು ಬರೆದರು. ಇದು ವಿನಯವಲ್ಲ. ಎಲ್ಲವೂ ನನ್ನದೇ ಎಂದಾಗ ಯಾವುದೊಂದನ್ನೂ ಹಿಡಿದು ನೋಡುವ ಅಗತ್ಯ ಬೀಳುವುದಿಲ್ಲ.

ನಾಲ್ಕನೇ ಭೇಟಿಗೆ ಆಕೆ ಒಂದು ಫೈಲ್ ತಂದರು. ಮುಖದಲ್ಲಿ ಗೆಲುವಿತ್ತು. ನಿವೃತ್ತಿಯ ಹಣದಲ್ಲಿ ಹಾಡಿಗೊಂದು ಸಮುದಾಯ ಭವನ, ಪಕ್ಕದಲ್ಲಿ ನೀರಿನ ಟ್ಯಾಂಕು. ಅಂದಾಜು ಪಟ್ಟಿ, ನಕ್ಷೆ, ಉದ್ಘಾಟನೆಯ ದಿನ ತಾವು ಓದುವ ಕ್ಷಮಾಪಣೆಯ ಭಾಷಣ, ಪತ್ರಿಕೆಗೆ ಕಳಿಸುವ ಲೇಖನ, ಎಲ್ಲವೂ ಇತ್ತು. ಅಚ್ಚುಕಟ್ಟಾದ ಕೆಲಸ.

"ಇದರಲ್ಲಿ ಹಾಡಿಯವರ ಮಾತು ಯಾವ ಪುಟದಲ್ಲಿದೆ?" ಎಂದು ಕೇಳಿದೆ.

"ಕೊನೇ ಪುಟದಲ್ಲಿ" ಎಂದು ತಕ್ಷಣ ಹೇಳಿ ತಿರುವಿ ತೋರಿಸಿದರು. ಕಟ್ಟಡ ಕಟ್ಟಲು ನಮ್ಮ ಒಪ್ಪಿಗೆ ಇದೆ ಎಂಬ ಪತ್ರ. ಕೆಳಗೆ 'ಯಜಮಾನರು' ಎಂದು ಟೈಪ್ ಮಾಡಿ, ಅದರ ಪಕ್ಕ ಒಂದು ಖಾಲಿ ಚೌಕ.

"ಈ ಚೌಕ?"

"ಅದು ಸಹಿ ಬರದೇ ಇದ್ರೆ ಹೆಬ್ಬೆಟ್ಟು..." ಎಂದವರು ಅಲ್ಲಿಗೇ ನಿಂತರು.

ಇಂಥ ಹೊತ್ತಿನಲ್ಲಿ ಸಲಹೆಗಾರರು ಮಾಡಬಹುದಾದ ದೊಡ್ಡ ತಪ್ಪು ಮಾತಾಡುವುದು. 'ನಿಮಗೆ ಏನನ್ನಿಸುತ್ತಿದೆ' ಎಂದು ಕೇಳುವುದೂ ತಪ್ಪೇ. ಗಡಿಯಾರದಲ್ಲಿ ಮೂರು ನಾಲ್ಕು ನಿಮಿಷ ಕಳೆದಿರಬೇಕು. ಆಮೇಲೆ ಆಕೆಯೇ ಹೇಳಿದರು: "ಆಗಲೂ ನಾನೇ ಟೈಪ್ ಮಾಡಿಸಿಕೊಂಡು ಹೋಗಿದ್ದೆ. ಇಂಗ್ಲಿಷಿನಲ್ಲಿ. ಶಾಯಿ ಪ್ಯಾಡೂ ನಂದೇ." ಸ್ವಲ್ಪ ತಡೆದು, "ಅವರು ನನ್ನ ಡಾಕ್ಟ್ರಮ್ಮ ಅಂತಿದ್ರು. ಔಷಧಿ ಬರತ್ತೆ ಅಂದ್ಕೊಂಡು ಕೈ ಚಾಚಿದ್ರು. ನಾನು ಆ ಡಾಕ್ಟರ್ ಅಲ್ಲ ಅಂತ ಹೇಳಲೇ ಇಲ್ಲ."

ಅಲ್ಲಿಂದ ವೃತ್ತದ ಹಾಳೆ ಮತ್ತೆ ಹೊರಬಂತು. ಈಗ ಶೇಕಡಾ ಲೆಕ್ಕ ಬೇಕಿರಲಿಲ್ಲ. ತಮ್ಮ ತುಂಡಿನೊಳಗೆ ಆಕೆ ನಾಲ್ಕು ಸಾಲು ಬರೆದರು: ಡಾಕ್ಟರ್ ಎಂದು ತಿಳಿಯಲು ಬಿಟ್ಟೆ. ಹೆಸರಿರುವ ಹಾಳೆಯನ್ನು ಬೇರೆಯವರ ಕೈಗೆ ಕೊಟ್ಟೆ. ಪೂರ್ತಿ ಫಲಿತಾಂಶ ತಿಳಿಸಲು ವಾಪಸ್ ಹೋಗಲಿಲ್ಲ. ಉಳಿದ ರಕ್ತವನ್ನು ಕೇಳದೆ ಬಳಸಿದೆ. 'ಆಗ ನಿಯಮಗಳೇ ಇರಲಿಲ್ಲ' ಎಂಬ ಐದನೇ ಸಾಲು ಬರೆಯಲು ಹೊರಟಾಗ ತಡೆದೆ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ನೀತಿ ಹಾಕಿಕೊಟ್ಟ ಹೆಲ್ಸಿಂಕಿ ಘೋಷಣೆ 1964ರದು, ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಮೊದಲ ನೀತಿ ಹೇಳಿಕೆ 1980ರದು. ತಪ್ಪಿತಸ್ಥ ಭಾವನೆಯನ್ನು ಇಳಿಸುವುದೇ ನಮ್ಮ ಕೆಲಸ, ಅಲ್ಲೇಕೆ ತಡೆದಿರಿ ಎಂದು ಕೇಳುವ ಸಹೋದ್ಯೋಗಿಗಳಿದ್ದಾರೆ. ಮಾಡದ ತಪ್ಪಿನ ಭಾರವನ್ನು ಇಳಿಸಬೇಕು, ಒಪ್ಪುತ್ತೇನೆ. ಮಾಡಿದ ತಪ್ಪಿನ ಭಾವನೆಗೆ ಒಂದು ವಿಳಾಸವಿರುತ್ತದೆ, ಅದು ಹೋಗಬೇಕಾದ ಮನೆಯೊಂದಿರುತ್ತದೆ. 'ನಿಮ್ಮನ್ನು ನೀವೇ ಕ್ಷಮಿಸಿಕೊಳ್ಳಿ' ಎಂದು ಆಕೆಗೆ ಒಮ್ಮೆಯೂ ಹೇಳಲಿಲ್ಲ. ಆ ಅಧಿಕಾರ ನನಗೂ ಇರಲಿಲ್ಲ, ಆಕೆಗೂ ಇರಲಿಲ್ಲ.

ಕೊಟ್ಟ ಸಲಹೆ ಈ ನಾಲ್ಕು ಸಾಲನ್ನು ಹಿಡಿದು ಹೊರಟದ್ದು.

ಮೊದಲು, ಭವನವೂ ಬೇಡ, ಲೇಖನವೂ ಬೇಡ. ತಪ್ಪೊಪ್ಪಿಕೊಂಡು ಪತ್ರಿಕೆಯಲ್ಲಿ ಬರೆದರೆ ಓದುಗರು ಆಕೆಯನ್ನು ಧೈರ್ಯಸ್ಥೆ ಎನ್ನುತ್ತಾರೆ, ಹಾಡಿಯ ಹೆಸರಿಗೆ ಮಾತ್ರ ಕಾಯಿಲೆ ಮತ್ತೊಮ್ಮೆ ಅಂಟುತ್ತದೆ. ಇಲ್ಲಿ ಹೆಸರು ಬಿಟ್ಟದ್ದೂ ಇದಕ್ಕೇ. ಗ್ರೀಸಿನ ಓರ್ಕೊಮೆನೊಸ್ ಎಂಬ ಊರಿನಲ್ಲಿ 1970ರ ದಶಕದಲ್ಲಿ ಒಳ್ಳೆಯ ಉದ್ದೇಶದಿಂದಲೇ ಇದೇ ಸಿಕಲ್ ಸೆಲ್ ತಪಾಸಣೆ ನಡೆದಿತ್ತು. ಕೆಲವು ವರ್ಷದ ಮೇಲೆ ನೋಡಿದರೆ ವಾಹಕರು ಕಳಂಕ ಹೊತ್ತಿದ್ದರು, ಮದುವೆಗಾಗಿ ಫಲಿತಾಂಶ ಮುಚ್ಚಿಡುತ್ತಿದ್ದರು.

ಎರಡನೆಯದು, ಹೋಗುವ ಮುಂಚೆ ಕೇಳಿಸಬೇಕು. ಹಾಡಿಯವರು ನಂಬುವ ಒಬ್ಬರ ಮೂಲಕ, ಇಲ್ಲಿ ಆ ನರ್ಸಿಂಗ್ ವಿದ್ಯಾರ್ಥಿನಿಯ ತಾಯಿಯ ಮೂಲಕ, ಒಂದೇ ಪ್ರಶ್ನೆ: ಇಂಥವರು ಬರಬಹುದಾ? 'ಬೇಡ' ಎಂದರೆ ಅದೇ ಉತ್ತರ. ಮತ್ತೆ ಕೇಳಿಸಬಾರದು, ಕಾಣಿಕೆ ಕಳಿಸಬಾರದು. ಆ ಹುಡುಗಿಯನ್ನೇ ದೂತಿಯನ್ನಾಗಿ ಮಾಡಬಾರದು; ವಿದ್ಯಾರ್ಥಿನಿಗೆ ಹಿರಿಯರೆದುರು 'ಆಗಲ್ಲ' ಎನ್ನುವುದು ಕಷ್ಟ.

ಮೂರನೆಯದು ಕ್ಷಮಾಪಣೆಯ ಮಾತು. ಆಕೆಯ ಭಾಷಣ ನಾಲ್ಕು ಪುಟವಿತ್ತು, ಅದರಲ್ಲಿ ಆಕೆಯ ನಿದ್ದೆಗೆಟ್ಟ ರಾತ್ರಿಗಳೇ ಎರಡು ಪುಟ. ಕೊನೆಗೆ ಉಳಿದದ್ದು ಇಷ್ಟು: "ನಾನು ವೈದ್ಯೆ ಅಲ್ಲ, ಅದನ್ನು ನಿಮಗೆ ಹೇಳಲಿಲ್ಲ. ನಿಮ್ಮ ಹೆಸರಿನ ಪಟ್ಟಿ ಕೊಟ್ಟವಳು ನಾನು. ಆ ಪಟ್ಟಿಯಲ್ಲಿದ್ದ ಎಲ್ಲರಿಗೂ ಕಾಯಿಲೆ ಇರಲಿಲ್ಲ. ನಿಮ್ಮ ರಕ್ತವನ್ನು ಕೇಳದೆ ಬೇರೆ ಕೆಲಸಕ್ಕೆ ಬಳಸಿದೆ. ಈಗ ಏನಾಗಬೇಕು, ನೀವು ಹೇಳಿ." 'ನಿಮಗೆ ನೋವಾಗಿದ್ದರೆ' ಎಂಬ 'ದ್ದರೆ' ಇರಬಾರದು. 'ಆದರೆ' ಇರಬಾರದು. 'ಕ್ಷಮಿಸಿ' ಎಂಬ ಪದವನ್ನೂ ತೆಗೆಸಿದೆ, ಇದಕ್ಕೆ ಆಕೆ ಬಹಳ ಹೊತ್ತು ಒಪ್ಪಲಿಲ್ಲ. ಆ ಪದ ಕೇಳಿದವರ ಮೇಲೆ ಉತ್ತರ ಕೊಡುವ ಹೊರೆ ಬೀಳುತ್ತದೆ. ಮನೆಗೆ ಬಂದ ಓದಿದ ಹೆಂಗಸು ಅಳುತ್ತಾ ಕೈಮುಗಿದರೆ 'ಇರಲಿ ಬಿಡವ್ವ' ಎನ್ನದೆ ಇನ್ನೇನು ಹೇಳಿಯಾರು?

ನಾಲ್ಕನೆಯದು ರಕ್ತದ ಟ್ಯೂಬುಗಳು. ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಅವು ಇನ್ನೂ ಇದ್ದವು. ಒಂದು ಸಂಜೆ ಯಾರೂ ಇಲ್ಲದಾಗ ಒತ್ತಡದ ಹಬೆಯಲ್ಲಿ ಬೇಯಿಸುವ ಆಟೋಕ್ಲೇವಿಗೆ ಹಾಕಿ ಮುಗಿಸಿಬಿಡುತ್ತೇನೆ ಎಂದರು. ಬೇಡವೆಂದು ಗಟ್ಟಿಯಾಗಿ ಹೇಳಿದೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಮಾದರಿಯ ಮೇಲಿನ ಹಕ್ಕು ಕೊಟ್ಟವರದು, ಇಟ್ಟುಕೊಂಡ ಸಂಸ್ಥೆ ಕಾವಲು ಮಾತ್ರ. ಅಮೆರಿಕದ ಅರಿಜೋನಾದಲ್ಲಿ ಹವಸುಪೈ ಬುಡಕಟ್ಟಿನವರು ಮಧುಮೇಹದ ಅಧ್ಯಯನಕ್ಕೆಂದು ಕೊಟ್ಟ ರಕ್ತ ಸ್ಕಿಜೋಫ್ರೇನಿಯಾ, ವಲಸೆಯ ಅಧ್ಯಯನಗಳಿಗೂ ಬಳಕೆಯಾಗಿತ್ತು. ದಾವೆ ಹೂಡಿ, 2010ರ ಒಪ್ಪಂದದಲ್ಲಿ 41 ಜನ 7 ಲಕ್ಷ ಡಾಲರ್ ಜೊತೆಗೆ ತಮ್ಮ ರಕ್ತವನ್ನೂ ವಾಪಸ್ ಪಡೆದರು. ಬ್ರೆಜಿಲಿನ ಯಾನೊಮಾಮಿ ಬುಡಕಟ್ಟಿನವರಿಗೆ ಸತ್ತವರ ಯಾವ ಅಂಶವೂ ಹೊರಗೆ ಉಳಿಯಕೂಡದು. 1960ರ ದಶಕದಲ್ಲಿ ತೆಗೆದಿದ್ದ ಎರಡೂವರೆ ಸಾವಿರಕ್ಕೂ ಹೆಚ್ಚು ಸೀಸೆಗಳ ರಕ್ತ 2015ರಲ್ಲಿ ಮರಳಿದಾಗ ಅವರು ಅದನ್ನು ತಮ್ಮ ನೆಲದಲ್ಲಿ ಗುಂಡಿ ತೋಡಿ ಸುರಿದರು. ಇನ್ನೊಂದು ಸಮುದಾಯ 'ನಮ್ಮ ಮಕ್ಕಳ ಚಿಕಿತ್ಸೆಗೆ ಬಳಸಿ' ಎನ್ನಬಹುದು. ಹಾಗಾಗಿ ಆಕೆ ಮಾಡಬೇಕಿದ್ದದ್ದು ಲೆಕ್ಕ: ಎಷ್ಟು ಟ್ಯೂಬು, ಯಾರದು, ಯಾವ ಪ್ರಯೋಗಾಲಯಕ್ಕೆ ಪಾಲು ಹೋಗಿದೆ, ಡಿಎನ್‌ಎ ಮಾಹಿತಿ ಯಾವ ದತ್ತಾಂಶ ಕೋಶದಲ್ಲಿದೆ. ಎಲ್ಲವನ್ನೂ ಬರೆದು, ತಮ್ಮ ಸಂಸ್ಥೆಯ ನೈತಿಕ ಸಮಿತಿಗೆ ಲಿಖಿತವಾಗಿ ಕೊಟ್ಟು, ಬಳಕೆ ನಿಲ್ಲಿಸುವುದು. ಕೆಲಸಕ್ಕೆ ಕುತ್ತು ಬರಬಹುದು ಎಂಬುದನ್ನು ಮೊದಲೇ ಹೇಳಿದ್ದೆ.

ಹಾಡಿಯ ಉತ್ತರಕ್ಕೆ ಮೂರು ತಿಂಗಳು ಹಿಡಿಯಿತು. ಈಗ ಬರುವುದು ಬೇಡ. ಆ ಪಟ್ಟಿಯಲ್ಲಿ ಯಾರಿಗೆ ನಿಜವಾಗಿ ಕಾಯಿಲೆ ಇತ್ತು, ಯಾರಿಗೆ ಇರಲಿಲ್ಲ, ಅದನ್ನು ಅವರವರಿಗೇ ತಿಳಿಸಲಿ ಎಂಬುದು ಅವರ ಮಾತು. ಭವನದ ವಿಷಯ ಯಾರೂ ಎತ್ತಲಿಲ್ಲ.

ಹಳೆಯ ಪಟ್ಟಿಯನ್ನು ತಿದ್ದಿ ಕಳಿಸಿದರೆ ಸಾಲದು. ಆಗ ಹುಟ್ಟದಿದ್ದವರು ಈಗ ಮದುವೆಯ ವಯಸ್ಸಿನವರು. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನದಲ್ಲಿ ನಲವತ್ತರ ಒಳಗಿನವರಿಗೆ ತಪಾಸಣೆ ಇದೆ. ಬೇಕಾದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕವೇ ಆಗಲಿ, ಆಕೆ ಅದರಲ್ಲಿ ಕಾಣಿಸಿಕೊಳ್ಳುವುದು ಬೇಡ ಎಂದು ತೀರ್ಮಾನವಾಯಿತು. ಆಕೆಯ ಕೆಲಸ ಆಶಾ ಕಾರ್ಯಕರ್ತೆಯರಿಗೆ ಕಾಯಿಲೆಯನ್ನು ಜನರಿಗೆ ವಿವರಿಸುವ ತರಬೇತಿ ಸಿದ್ಧಪಡಿಸಿಕೊಡುವುದಷ್ಟೇ. ಅದರಲ್ಲಿ ಅವರೆಕಾಳು, ಹುರುಳಿಕಾಳಿನ ಪಾಠವಿದೆ. ಹುರುಳಿ ಎಂದರೆ ಕಾಯಿಲೆಯ ವಂಶವಾಹಿ, ಅವರೆ ಎಂದರೆ ಸರಿಯಿರುವುದು. ಗಂಡನ ಮುಷ್ಟಿಯಲ್ಲಿ ಒಂದು ಅವರೆ ಒಂದು ಹುರುಳಿ, ಹೆಂಡತಿಯ ಮುಷ್ಟಿಯಲ್ಲೂ ಹಾಗೇ. ಇಬ್ಬರೂ ವಾಹಕರು ಎಂದರ್ಥ. ಕಣ್ಣುಮುಚ್ಚಿ ಒಬ್ಬೊಬ್ಬರು ಒಂದು ಕಾಳು ಕೊಡುತ್ತಾರೆ. ಎರಡೂ ಹುರುಳಿ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಇಲ್ಲೇ ತಪ್ಪು ತಿಳಿವಳಿಕೆ ಹುಟ್ಟುತ್ತದೆ: ಮೊದಲ ಮಗುವಿಗೆ ಕಾಯಿಲೆ ಬಂದರೆ ಮುಂದಿನ ಮೂರಕ್ಕೆ ಬರುವುದಿಲ್ಲ ಎಂದುಕೊಳ್ಳುತ್ತಾರೆ. ಪ್ರತಿ ಬಸಿರಿಗೂ ಕಾಳನ್ನು ವಾಪಸ್ ಮುಷ್ಟಿಗೆ ಹಾಕಿ ಹೊಸದಾಗಿ ತೆಗೆಯಬೇಕು ಎಂಬುದನ್ನು ಕೈಯಲ್ಲೇ ಮಾಡಿ ತೋರಿಸಬೇಕು. ಒಬ್ಬರ ಮುಷ್ಟಿಯಲ್ಲಿ ಎರಡೂ ಅವರೆ ಇದ್ದರೆ ಎಷ್ಟು ಸಲ ತೆಗೆದರೂ ಜೋಡಿ ಹುರುಳಿ ಬರುವುದಿಲ್ಲ. ಮುರಿದ ಆ ಎರಡು ಮದುವೆಗಳಲ್ಲಿ ಒಂದು ಹೀಗೇ ಇತ್ತು. ಫಲಿತಾಂಶವನ್ನು ಮುಚ್ಚಿದ ಕವರಿನಲ್ಲಿ, ಒಬ್ಬೊಬ್ಬರಿಗೇ, ಓದಲು ಬಾರದವರಿಗೆ ಅವರು ಆರಿಸಿದವರಿಂದಲೇ ಓದಿಸಿ ಕೊಡಬೇಕು.

ಆಕೆಯ ನಿದ್ದೆ ಈಗ ಐದು ಗಂಟೆಗೆ ಬಂದಿದೆ, ಮಾತ್ರೆ ಮುಂದುವರಿದಿದೆ. ಸಂಸ್ಥೆಯಲ್ಲಿ ವಿಚಾರಣೆ ನಡೆಯುತ್ತಿದೆ. ಟ್ಯೂಬುಗಳು ಫ್ರೀಜರಿನಲ್ಲೇ ಇವೆ, ಬಾಗಿಲಿಗೆ 'ಬಳಸಬೇಡಿ' ಎಂಬ ಚೀಟಿ ಅಂಟಿಸಿದೆ. ಅದರಲ್ಲಿ ತೀರಿಕೊಂಡವರ ರಕ್ತವೂ ಇರುವುದರಿಂದ ಹಿರಿಯರು ಕೂತು ಮಾತಾಡಬೇಕು ಎಂದು ಹಾಡಿಯವರು ಹೇಳಿ ಕಳಿಸಿದ್ದಾರೆ.