ಟ್ರಯಲ್ ರೂಮಿನಿಂದ ಹೋದ ಫೋಟೊ

ಪ್ರಶ್ನೆ: ಬಟ್ಟೆ ಕೊಳ್ಳಲು ನಾನು ಹೆಚ್ಚಾಗಿ ಒಬ್ಬಳೇ ಹೋಗುತ್ತೇನೆ. ತೊಟ್ಟು ನೋಡಿದ ಪ್ರತಿಯೊಂದರ ಫೋಟೊವನ್ನೂ ಅಲ್ಲಿಂದಲೇ ಗೆಳತಿಯರ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿ, ಅವರು ಮೆಚ್ಚಿದ್ದನ್ನು ಕೊಳ್ಳುತ್ತೇನೆ. ಮನೆಗೆ ತಂದ ಮೇಲೆ ಮಾತ್ರ ಅವುಗಳಲ್ಲಿ ಹಲವನ್ನು ಒಂದೆರಡು ಸಲಕ್ಕಿಂತ ಹೆಚ್ಚು ತೊಡುವುದಿಲ್ಲ. ಅವರನ್ನು ಕೇಳುವುದೇ ತಪ್ಪೇ, ಅಥವಾ ನಾನು ಕೇಳುವ ಕ್ರಮದಲ್ಲಿ ತಪ್ಪಿದೆಯೇ?

ಉತ್ತರ: ಕೇಳುವುದು ಖಂಡಿತ ತಪ್ಪಲ್ಲ. ಕನ್ನಡಿಯಲ್ಲಿ ನಮಗೆ ಕಾಣುವುದು ಎಡಬಲ ಅದಲುಬದಲಾದ ರೂಪ. ಗೆಳತಿಯರು ದಿನವೂ ನೋಡುವುದು ನಮ್ಮ ನೇರ ರೂಪವನ್ನು. 1977ರಲ್ಲಿ ಅಮೆರಿಕದ ಸಂಶೋಧಕರು ಕೆಲವು ಯುವತಿಯರಿಗೆ ಅವರದೇ ಮುಖದ ಎರಡೂ ಬಗೆಯ ಚಿತ್ರಗಳನ್ನು ತೋರಿಸಿದಾಗ, ಅವರಲ್ಲಿ ಹೆಚ್ಚಿನವರು ಕನ್ನಡಿಯ ರೂಪವನ್ನು ಮೆಚ್ಚಿದರೆ ಅವರ ಆಪ್ತರು ನೇರ ರೂಪವನ್ನು ಮೆಚ್ಚಿದರು. ಹೀಗಿರುವಾಗ ನಿಮ್ಮನ್ನು ಹೊರಗಿನಿಂದ ಕಂಡು ಬಲ್ಲ ಇನ್ನೊಂದು ಜೊತೆ ಕಣ್ಣುಗಳ ನೆರವು ಪಡೆಯುವುದು ವಿವೇಕದ ಕೆಲಸವೇ. ತೊಡಕಿರುವುದು ಆ ಕಣ್ಣುಗಳ ಮುಂದೆ ನೀವು ಏನನ್ನು ಇಡುತ್ತೀರಿ, ಯಾವ ಪ್ರಶ್ನೆಯೊಂದಿಗೆ ಇಡುತ್ತೀರಿ ಎಂಬುದರಲ್ಲಿ.

ಮೊದಲು ಫೋಟೊದ ವಿಷಯ. ಕೈ ಚಾಚಿ ಮೇಲಿನಿಂದ ತೆಗೆದ ಸೆಲ್ಫಿಯಲ್ಲಿ ಕ್ಯಾಮೆರಾಕ್ಕೆ ಹತ್ತಿರವಿರುವ ತಲೆ, ಭುಜಗಳು ದೊಡ್ಡದಾಗಿಯೂ ದೂರವಿರುವ ಕಾಲುಗಳು ಗಿಡ್ಡವಾಗಿಯೂ ಕಾಣುವುದರಿಂದ ಉಡುಪಿನ ಉದ್ದವನ್ನು ಯಾರೂ ಸರಿಯಾಗಿ ಅಂದಾಜು ಮಾಡಲಾರರು. ಫೋನನ್ನು ಸೊಂಟದ ಎತ್ತರದಲ್ಲಿ ನೇರವಾಗಿ ಹಿಡಿದು, ಕನ್ನಡಿಯಿಂದ ಆದಷ್ಟು ಹಿಂದೆ ಸರಿದು ತೆಗೆಯಿರಿ. ಕೋಣೆ ಇಕ್ಕಟ್ಟಾಗಿದ್ದರೆ ಹೊರಗಿರುವ ದೊಡ್ಡ ಕನ್ನಡಿಯ ಮುಂದೆ ನಿಲ್ಲುವುದೇ ಮೇಲು.

ಬಣ್ಣದ ಮಾತಂತೂ ಇನ್ನೂ ಸೂಕ್ಷ್ಮವಾದದ್ದು. 2015ರ ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ಹರಿದಾಡಿದ ಒಂದು ಉಡುಪಿನ ಫೋಟೊ ನಿಮಗೆ ನೆನಪಿರಬಹುದು. ಮಗಳ ಮದುವೆಯಲ್ಲಿ ತೊಡಲೆಂದು ಆರಿಸಿದ ಉಡುಪನ್ನು ತಾಯಿಯೊಬ್ಬರು ಫೋನಿನಲ್ಲಿ ಸೆರೆಹಿಡಿದು ಮಗಳಿಗೆ ಕಳುಹಿಸಿದ್ದರು. ಅಂದರೆ ನೀವು ಮಾಡುವುದನ್ನೇ ಅವರೂ ಮಾಡಿದ್ದರು. ಅದೇ ಚಿತ್ರ ಕೆಲವರಿಗೆ ಬಿಳಿ ಮತ್ತು ಚಿನ್ನದ ಬಣ್ಣದಲ್ಲಿ, ಉಳಿದವರಿಗೆ ನೀಲಿ ಮತ್ತು ಕಪ್ಪು ಬಣ್ಣದಲ್ಲಿ ಕಂಡಿತು. ಉಡುಪು ನಿಜಕ್ಕೂ ನೀಲಿ-ಕಪ್ಪಿನದು. ಬೆಳಕು ಎಂಥದ್ದೆಂದು ಚಿತ್ರದಿಂದ ತಿಳಿಯದಿದ್ದಾಗ ನೋಡುವವರ ಮಿದುಳು ತನಗೆ ತೋಚಿದ ಬೆಳಕನ್ನು ಊಹಿಸಿಕೊಂಡು ಬಣ್ಣವನ್ನು ತೀರ್ಮಾನಿಸುತ್ತದೆ. ಆದ್ದರಿಂದ ಬಣ್ಣದ ಬಗ್ಗೆ ಕೇಳುವುದಿದ್ದರೆ ಬಟ್ಟೆಯನ್ನು ಕಿಟಕಿಯ ಅಥವಾ ಬಾಗಿಲಿನ ಬಳಿಗೆ ಒಯ್ದು, ಪಕ್ಕದಲ್ಲಿ ಬಿಳಿಯ ಕಾಗದವೊಂದನ್ನು ಹಿಡಿದು ಫೋಟೊ ತೆಗೆಯಿರಿ.

ಇನ್ನು ಗುಂಪಿನ ವಿಷಯ, ಇದೇ ಮುಖ್ಯವೆಂದು ನನ್ನ ಭಾವನೆ. ಮನಶ್ಶಾಸ್ತ್ರಜ್ಞ ಸಾಲೊಮನ್ ಆ್ಯಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗೆರೆಗಳ ಉದ್ದವನ್ನು ಹೋಲಿಸುವಷ್ಟು ಸರಳವಾದ ಕೆಲಸದಲ್ಲಿಯೂ, ಜೊತೆಯವರೆಲ್ಲ ಒಂದೇ ತಪ್ಪು ಉತ್ತರ ಕೊಟ್ಟಾಗ ನಾಲ್ವರಲ್ಲಿ ಸುಮಾರು ಮೂವರು ಒಮ್ಮೆಯಾದರೂ ಅವರ ದನಿಗೆ ದನಿಗೂಡಿಸಿದ್ದರು. ಉತ್ತರವನ್ನು ಗುಟ್ಟಾಗಿ ಬರೆದುಕೊಡಲು ಬಿಟ್ಟಾಗ ಈ ಒಲವು ಬಹಳ ತಗ್ಗಿತು. ನಿಮ್ಮ ಗುಂಪಿನಲ್ಲಿ ಮೊದಲನೆಯವರು ‘ಸೂಪರ್’ ಎಂದರೆ ಎರಡನೆಯವರು ಹೃದಯದ ಚಿಹ್ನೆ ಹಾಕುತ್ತಾರೆ, ಮೂರನೆಯವರಿಗೆ ಬೇರೆ ಮಾತಾಡಲು ಸಂಕೋಚವಾಗುತ್ತದೆ. ಗುಂಪಿನಲ್ಲಿ ಪೋಲ್ ಇಟ್ಟರೂ ಯಾರ ಮತ ಯಾವುದಕ್ಕೆ ಎಂಬುದು ಸಾಮಾನ್ಯವಾಗಿ ಎಲ್ಲರಿಗೂ ಕಾಣುವುದರಿಂದ ಫಲ ಬೇರೆಯಾಗದು. ಇಬ್ಬರನ್ನು ಆರಿಸಿಕೊಂಡು ಬೇರೆಬೇರೆಯಾಗಿ ಕೇಳಿ. ಅವರಲ್ಲೊಬ್ಬರು ನಿಮ್ಮ ಕಪಾಟಿನಲ್ಲಿ ಈಗಾಗಲೇ ಏನೇನಿದೆ ಎಂಬುದನ್ನು ಬಲ್ಲವರಾಗಿರಲಿ.

‘ಹೇಗಿದೆ?’ ಎಂದು ಕೇಳಬೇಡಿ. ಅದಕ್ಕೆ ಸ್ನೇಹ ಕೊಡುವ ಉತ್ತರ ‘ಚೆನ್ನಾಗಿದೆ’ ಎಂಬುದೊಂದೇ. ಭುಜದ ಹೊಲಿಗೆ ಭುಜದ ತುದಿಗೆ ಸರಿಯಾಗಿ ಕುಳಿತಿದೆಯೇ, ಹಿಂದೆ ಸೊಂಟದ ಮೇಲೆ ಬಟ್ಟೆ ಮಡಿಕೆ ಬೀಳುತ್ತಿದೆಯೇ ಎಂದು ಕೇಳಿ. ಇದಕ್ಕೆ ಫೋಟೊಕ್ಕಿಂತ ಹತ್ತು ಸೆಕೆಂಡಿನ ವಿಡಿಯೊ ಒಳ್ಳೆಯದು: ಕೈ ಮೇಲೆತ್ತಿ, ಕುಳಿತು, ಎದ್ದು, ತಿರುಗಿ ತೋರಿಸಿ. ಕಂಕುಳಿನ ಸುತ್ತಳತೆ ತೀರ ಕೆಳಗಿಳಿದಿದ್ದರೆ ಕೈಯೆತ್ತಿದೊಡನೆ ಇಡೀ ಉಡುಪೇ ಮೇಲಕ್ಕೆ ಜಗ್ಗುತ್ತದೆ. ಸುಮ್ಮನೆ ನಿಂತ ಫೋಟೊದಲ್ಲಿ ಆ ದೋಷ ಎಷ್ಟು ನೋಡಿದರೂ ಕಾಣದು.

ಬಟ್ಟೆ ಚುಚ್ಚುತ್ತದೆಯೇ, ಕುಳಿತಾಗ ಸೊಂಟ ಬಿಗಿಯುತ್ತದೆಯೇ ಎಂಬುದನ್ನು ಮಾತ್ರ ಯಾವ ಗೆಳತಿಯೂ ಹೇಳಲಾರಳು. ನೀವು ತೊಡದೆ ಬಿಟ್ಟಿರುವ ಉಡುಪುಗಳನ್ನು ಒಮ್ಮೆ ಹೊರತೆಗೆದು ನೋಡಿ. ಅವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಒಪ್ಪಿದರೂ ಮೈಗೆ ಒಪ್ಪದವೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ. ಐದು ನಿಮಿಷ ತೊಟ್ಟುಕೊಂಡೇ ಓಡಾಡಿ, ನಿಮ್ಮ ಮೈ ಒಪ್ಪಿದ್ದನ್ನು ಮಾತ್ರ ಅವರಿಗೆ ಕಳುಹಿಸಿ.

ಪ್ರಶ್ನೆ: ಟ್ರಯಲ್ ರೂಮಿನಿಂದ ವಿಡಿಯೊ ಕಾಲ್ ಮಾಡಬಹುದೇ?

ಉತ್ತರ: ಪೂರ್ತಿ ಉಡುಪು ತೊಟ್ಟ ಮೇಲೆ ಕರೆ ಮಾಡಿ, ಬದಲಿಸುವ ಮೊದಲು ಕರೆಯನ್ನು ಕಡಿದುಹಾಕಿ; ಕ್ಯಾಮೆರಾವನ್ನು ಮುಚ್ಚಿದರೆ ಸಾಲದು. ಆ ಕಡೆ ಗೆಳತಿಯ ಜೊತೆ ಬೇರೆ ಯಾರಿದ್ದಾರೆಂದು ಮೊದಲೇ ಕೇಳಿಕೊಳ್ಳಿ. ಹೊರಗಿನ ಕನ್ನಡಿಯ ಮುಂದಿದ್ದರೆ ಅಪರಿಚಿತರು, ಅದರಲ್ಲೂ ಮಕ್ಕಳು, ಚೌಕಟ್ಟಿನೊಳಗೆ ಬಾರದಂತೆ ನಿಲ್ಲಬೇಕು. ವಾಟ್ಸ್‌ಆ್ಯಪ್‌ನಲ್ಲಿ 2021ರಿಂದ ಇರುವ, ಒಮ್ಮೆ ನೋಡಿದ ಮೇಲೆ ಮಾಯವಾಗುವ ಫೋಟೊದ ಸೌಲಭ್ಯ ಉಪಯುಕ್ತವಾದರೂ, ಪರದೆಯ ಮೇಲೆ ಕಂಡದ್ದನ್ನು ಇನ್ನೊಂದು ಫೋನಿನಿಂದ ಸೆರೆಹಿಡಿಯುವುದನ್ನು ಅದು ತಡೆಯಲಾರದು.